ರಾಜಧಾನಿಯಲ್ಲಿ ಬಿಟ್ಟು ಬಂದ ಕೌದಿ

ಚಿನ್ನವ್ವಾ, ಬಾಳ್ಯಾ, ಇದನ್ನು ನಿಮ್ಮ ಅಜ್ಜಿಯಾದ ನಾನು ನಿಮ್ಮಿಬ್ಬರಿಗಾಗಿ ಬರೆಯುತ್ತಿದ್ದೇನೆ. ಶಾಲೆಯ ಪಟ್ಟಿಯಲ್ಲಿ ನಿಮ್ಮ ಹೆಸರು ಬೇರೆ ಇದೆ, ಗೊತ್ತು. ನನ್ನ ಬಾಯಿಗೆ ಬರುವುದು ಈ ಹೆಸರೇ. ಇನ್ನು ಯಾರ ಹೆಸರನ್ನೂ ನಾನು ಇಲ್ಲಿ ಬರೆಯುವುದಿಲ್ಲ.

ನಾನು ನಮ್ಮೂರ ಶಾಲೆಯಲ್ಲಿ ಏಳನೆಯ ಇಯತ್ತೆಯ ತನಕ ಓದಿದವಳು. ನನ್ನ ಅಕ್ಷರ ದುಂಡಗಿದೆ ಎಂದು ಗುರುಗಳು ಹೇಳುತ್ತಿದ್ದರು. ಆದರೆ ಎದ್ದು ನಿಂತು ಪಾಠ ಓದು ಎಂದರೆ ಪುಸ್ತಕದಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದೆ. ಈಗಲೂ ಹಾಗೇ. ಬರೆಯಲು ಆಗುತ್ತದೆ, ಹೇಳಲು ಆಗುವುದಿಲ್ಲ.

ಬೆಂಗಳೂರಿನಲ್ಲಿ ಏನು ನೋಡಿದೆ ಎಂದು ನೀವು ಎಷ್ಟೋ ಸಲ ಕೇಳಿದ್ದೀರಿ. ವಿಧಾನಸೌಧ ನೋಡಿದೆ, ಕಂಬದ ಮೇಲೆ ಓಡುವ ರೈಲು ನೋಡಿದೆ ಎಂದು ಹೇಳಿ ಮಾತು ಮುಗಿಸಿದ್ದೇನೆ. ನೋಡಿದ್ದು ಸುಳ್ಳಲ್ಲ. ಆದರೆ ಆ ಊರಿನಲ್ಲಿ ನಾನು, ನಾನೇ ಹೊಲಿದು ಹೊದೆಯುತ್ತಿದ್ದ ಒಂದು ಕೌದಿ ಬಿಟ್ಟು ಬಂದೆ. ಕೌದಿ ಹೋದದ್ದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಅದರೊಳಗೆ ಏನಿತ್ತು ಎಂಬುದು ಯಾರಿಗೂ ಗೊತ್ತಿಲ್ಲ.

ನಿಮ್ಮ ಅಜ್ಜನ ವಿಷಯದಿಂದ ಶುರು ಮಾಡುತ್ತೇನೆ. ಚಿನ್ನವ್ವ ಅವರ ತೊಡೆಯ ಮೇಲೆ ಆಡಿದವಳು, ನೆನಪಿಡುವ ವಯಸ್ಸಾಗಿರಲಿಲ್ಲ. ಬಾಳ್ಯಾ ಅವರು ಹೋದ ಮೇಲೆ ಹುಟ್ಟಿದವನು. ಹಳಿಯಾಳ ಮತ್ತು ಮುಂಡಗೋಡದ ನಡುವೆ ಕಾಡಿನ ಅಂಚಿಗೆ ಇರುವ ನಮ್ಮ ಕೇರಿಯಲ್ಲಿ ಎಲ್ಲ ಸಿದ್ದಿಗಳ ಬದುಕು ಹೇಗೋ ನಮ್ಮದೂ ಹಾಗೇ. ಸ್ವಲ್ಪ ಗದ್ದೆ, ಉಳಿದ ದಿನ ಕಬ್ಬು ಕಡಿಯುವ ಕೂಲಿ. ಕೊನೆಯ ಕೆಲವು ವರ್ಷ ಅವರು ದಾಂಡೇಲಿಯ ಕಡೆ ಹೊಳೆಯ ದಂಡೆಯ ಒಂದು ರೆಸಾರ್ಟಿನಲ್ಲಿ ಕೆಲಸಕ್ಕಿದ್ದರು. ಬಂದ ಪ್ರವಾಸಿಗರನ್ನು ಬೆಳಿಗ್ಗೆ ಕಾಡಿಗೆ ಕರೆದುಕೊಂಡು ಹೋಗಿ ಮಂಗಟ್ಟೆ ಹಕ್ಕಿ ತೋರಿಸುವುದು ಅವರ ಕೆಲಸ. ಹಕ್ಕಿ ಕೂತ ಮರವನ್ನು ಬೆರಳು ಮಾಡಿ ತೋರಿಸುತ್ತಿರಲಿಲ್ಲವಂತೆ, ಗದ್ದ ಎತ್ತಿ ತೋರಿಸುತ್ತಿದ್ದರಂತೆ. ಬೆರಳು ಮಾಡಿದರೆ ಹಕ್ಕಿಗೆ ಅವಮಾನ ಎನ್ನುತ್ತಿದ್ದರು.

ಮೂರು ದಿನದ ಜ್ವರದಲ್ಲಿ ಹೋದರು. ಹುಬ್ಬಳ್ಳಿಗೆ ಒಯ್ಯುವಾಗ ದಾರಿಯಲ್ಲೇ.

ನಮ್ಮ ಕೇರಿಯಲ್ಲಿ ಸತ್ತವರ ಬಟ್ಟೆಯನ್ನು ಮನೆಯಲ್ಲಿ ಇಡುವುದಿಲ್ಲ. ದಿನದ ಕಾರ್ಯ ಮಾಡುವ ಮೊದಲೇ ಎಲ್ಲವನ್ನೂ ಗಂಟು ಕಟ್ಟಿ ಹಳ್ಳಕ್ಕೆ ಬಿಟ್ಟು ಬರುತ್ತಾರೆ. ಇಟ್ಟುಕೊಂಡರೆ ಹೋದವರಿಗೆ ದಾರಿ ಸಿಗುವುದಿಲ್ಲ, ಮನೆಯ ಕೂಸುಗಳಿಗೆ ಒಳ್ಳೆಯದಾಗುವುದಿಲ್ಲ ಎಂದು ನಂಬಿಕೆ. ಗಂಟು ಕಟ್ಟಲು ನನ್ನನ್ನೇ ಒಳಗೆ ಕಳಿಸಿದರು. ನಾನು ಮೂರು ಅಂಗಿ ತೆಗೆದು ಭತ್ತದ ಚೀಲದ ಹಿಂದೆ ತುರುಕಿದೆ. ರೆಸಾರ್ಟಿನವರು ಕೊಟ್ಟ ಖಾಕಿ ಅಂಗಿ, ನಿಮ್ಮ ಅವ್ವನ ಮದುವೆಗೆ ಹೊಲಿಸಿದ ಬಿಳಿಯದು, ಕಂಕುಳಲ್ಲಿ ನಾನೇ ತೇಪೆ ಹಾಕಿದ್ದ ಗೆರೆಯ ಅಂಗಿ. ಯಾಕೆ ಹಾಗೆ ಮಾಡಿದೆ ಎಂದರೆ ನನಗೆ ಈಗಲೂ ಹೇಳಲು ಬರುವುದಿಲ್ಲ. ಕೈ ಮಾಡಿತು, ಅಷ್ಟೇ.

ಅಂಗಿಗಳನ್ನು ಹಾಗೇ ಇಟ್ಟರೆ ಯಾರಾದರೂ ನೋಡುತ್ತಾರೆ. ಅದಕ್ಕೆ ಕೌದಿ ಹೊಲಿಯಲು ಕೂತೆ. ನಮ್ಮ ಹೆಂಗಸರು ಹೊಲಿಯುವ ರೀತಿ ನೀವು ನೋಡಿದ್ದೀರಿ. ಅಂಚಿನಿಂದ ಶುರು ಮಾಡಿ, ಹಳೆಯ ಬಟ್ಟೆಯ ತುಂಡುಗಳನ್ನು ಇಡುತ್ತ, ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತೇವೆ. ನಡುವಿನ ಕೊನೆಯ ತುಂಡನ್ನು ಮುಚ್ಚುವ ಮೊದಲು ಒಂದು ಚಿಟಿಕೆ ಅಕ್ಕಿ ಹಾಕುತ್ತೇವೆ, ಕೌದಿಯ ಹೊಟ್ಟೆ ಖಾಲಿ ಇರಬಾರದು. ನಾನು ಅಂಗಿಗಳ ಹೊಲಿಗೆ ಬಿಚ್ಚಿ, ಗುಂಡಿಗಳನ್ನು ಕಿತ್ತು, ಮೇಲಿನ ಪದರಕ್ಕೂ ಕೆಳಗಿನ ಸೀರೆಗೂ ನಡುವೆ ಹಾಸಿದೆ. ಹೊರಗಿನಿಂದ ನೋಡಿದವರಿಗೆ ಅದು ಎಲ್ಲರ ಮನೆಯಲ್ಲಿ ಇರುವಂಥದ್ದೇ ಒಂದು ಕೌದಿ. ಕೇರಿಯವರು ಕಟ್ಟೆಯ ಮೇಲೆ ಕೂತು ನಗುತ್ತ ಮಾತಾಡುತ್ತ ಹೊಲಿಯುತ್ತಾರೆ. ನಾನು ಒಳಗೆ ಒಬ್ಬಳೇ ಕೂತು ಹೊಲಿದೆ. ನಿಮ್ಮ ಅವ್ವ ಕೇಳಿದ್ದಕ್ಕೆ, ಬಿಸಿಲು ಆಗುವುದಿಲ್ಲ ಎಂದೆ.

ಬಾಳ್ಯಾ, ನೀನು ಎಂಟು ತಿಂಗಳ ಕೂಸಿದ್ದಾಗ ನಿನಗೆ ಆ ಕೌದಿ ಹೊದಿಸಿ ಮಲಗಿಸಿಕೊಂಡಿದ್ದೆ. ಬೆಳಗಾಗುವಷ್ಟರಲ್ಲಿ ನಿನಗೆ ಮೈ ಸುಡುವಷ್ಟು ಜ್ವರ. ನನ್ನ ನೆಗೆಣ್ಣಿ, ಎಂದರೆ ನಿಮ್ಮ ಅಜ್ಜನ ಅಣ್ಣನ ಹೆಂಡತಿ, ನಾನು ಅಕ್ಕ, ನೀವು ದೊಡ್ಡಜ್ಜಿ ಎನ್ನುತ್ತಿದ್ದವಳು, ನಿನ್ನ ಹಣೆ ಮುಟ್ಟಿ ನನ್ನ ಕಡೆ ತಿರುಗಿ ಹೇಳಿದಳು:

“ತಂಗಿ, ಮನ್ಯಾಗ ಹೋದವರದು ಏನರ ಉಳದೈತೇನ ನೋಡ. ಉಳದ್ರ ಅದು ಕೂಸಿನ ಬೆನ್ನ ಹತ್ತತೈತಿ.”

“ಏನೂ ಇಲ್ಲಕ್ಕಾ” ಎಂದೆ. ನನ್ನ ಜನ್ಮದಲ್ಲಿ ಅಷ್ಟು ಬೇಗ ಬಾಯಿಗೆ ಬಂದ ಉತ್ತರ ಅದೊಂದೇ.

ಎರಡು ದಿನದಲ್ಲಿ ನಿನ್ನ ಜ್ವರ ಇಳಿಯಿತು. ಹಲ್ಲು ಬರುವ ಜ್ವರ ಎಂದು ನರ್ಸಮ್ಮ ಹೇಳಿದರು. ಆದರೆ ಅವತ್ತಿನಿಂದ ನಾನು ಅದನ್ನು ನಿನಗೆ ಹೊದಿಸಲಿಲ್ಲ, ನಾನೊಬ್ಬಳೇ ಹೊದ್ದೆ. ಹಳ್ಳಕ್ಕೆ ಬಿಡುವ ಧೈರ್ಯವೂ ಬರಲಿಲ್ಲ.

ನಿಮ್ಮ ದೊಡ್ಡಜ್ಜಿಯ ಬಾಯಿ ಇಡೀ ಕೇರಿಗೆ ಗೊತ್ತು. ಅವಳ ಗಂಡ ಬಹಳ ಮೊದಲೇ ತೀರಿಕೊಂಡಿದ್ದ. ಡಮಾಮಿ ಬಾರಿಸುತ್ತ ಕುಣಿಯುವ ನಮ್ಮ ಹೆಂಗಸರ ಗುಂಪಿಗೆ ಅವಳೇ ಮುಂದಾಳು. ರೆಸಾರ್ಟುಗಳಲ್ಲಿ ಶನಿವಾರ ಸಂಜೆ ಪ್ರವಾಸಿಗರ ಮುಂದೆ ಕುಣಿಯಲು ಈ ಗುಂಪು ಹೋಗುತ್ತಿತ್ತು. ಹಾಗೇ ಒಂದು ವರ್ಷ ಬೆಂಗಳೂರಿನಲ್ಲಿ ಪ್ರವಾಸೋದ್ಯಮದ ಮೇಳ ಇದೆ, ಮೂರು ದಿನ ಅಲ್ಲಿ ಕುಣಿಯಬೇಕು ಎಂದು ಕರೆ ಬಂತು. ಎಂಟು ಹೆಂಗಸರು ಬೇಕು. ಒಬ್ಬಳ ಕಾಲು ಉಳುಕಿತ್ತು.

“ನೀ ಬಾ” ಎಂದಳು ಅಕ್ಕ.

“ನನಗ ಜನರ ಮುಂದ ನಿಂದ್ರಾಕ ಆಗೂದಿಲ್ಲಕ್ಕಾ.”

“ಹಿಂದಿನ ಸಾಲಿನಾಗ ನಿಂತು ಕೈ ಅಲ್ಲಾಡ್ಸು, ಸಾಕು. ನಿನ್ನ ನೋಡಾಕ ಯಾರೂ ಬರೂದಿಲ್ಲ. ಬರೂದು ನನ್ನ ನೋಡಾಕ.”

ಹೋದೆ. ಬೆಂಗಳೂರಲ್ಲಿ ಥಂಡಿ ಬಹಳ ಎಂದು ಹೇಳಿದ್ದರು. ಅದಕ್ಕೆ ಕೌದಿ ಮಡಚಿ ಚೀಲದಲ್ಲಿ ಇಟ್ಟುಕೊಂಡೆ. ಅದು ಬಿಟ್ಟು ನನಗೆ ನಿದ್ದೆಯೂ ಬರುತ್ತಿರಲಿಲ್ಲ. ಹುಬ್ಬಳ್ಳಿಯಿಂದ ರೈಲು. ಬೆಂಗಳೂರಲ್ಲಿ ಇಳಿದಾಗ ನಮ್ಮನ್ನು ಒಂದು ಹಾಸ್ಟೆಲಿನ ಹಾಲಿಗೆ ಕರೆದುಕೊಂಡು ಹೋದರು. ಮೇಳದಲ್ಲಿ ನಮ್ಮ ಕಡೆಯ ಮಳಿಗೆಯನ್ನು ನೋಡಿಕೊಳ್ಳುವ ಮೇಡಂ ಬೆಳಿಗ್ಗೆ ನಮ್ಮನ್ನು ಕರೆಯಲು ಬಂದವರು, ನಾನು ಕೌದಿ ಮಡಚುವುದನ್ನು ನೋಡಿ ನಿಂತರು. ಚಿಕ್ಕ ವಯಸ್ಸು, ನಗುಮುಖ.

“ಅಯ್ಯೋ, ಎಷ್ಟ್ ಚೆನ್ನಾಗಿದೆ! ನೀವೇ ಹೊಲಿದಿದ್ದಾ ಅಮ್ಮ? ಮಳಿಗೆ ಗೋಡೆ ಖಾಲಿ ಇದೆ, ಅಲ್ಲಿ ಹಾಕ್ತೀನಿ. ಯಾರಾದ್ರೂ ಕೇಳಿದ್ರೆ ಕೊಡಬಹುದಲ್ವಾ?”

ನಾನು ನೆಲ ನೋಡುತ್ತ ಸುಮ್ಮನೆ ನಿಂತೆ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕೇರಿಯಲ್ಲಿ ಒಬ್ಬರು ಏನಾದರೂ ಕೇಳಿದಾಗ ಇನ್ನೊಬ್ಬರು ತಲೆ ತಗ್ಗಿಸಿ ಸುಮ್ಮನೆ ನಿಂತರೆ, ಕೊಡಲು ಮನಸ್ಸಿಲ್ಲ ಎಂದು ಅರ್ಥ. ಕೇಳಿದವರು ತಕ್ಷಣ ಮಳೆಯ ಮಾತೋ ದನದ ಮಾತೋ ತೆಗೆಯುತ್ತಾರೆ. ಇಬ್ಬರಿಗೂ ನಾಚಿಕೆಯಾಗುವುದಿಲ್ಲ. ಎದುರಿಗೇ “ಕೊಡೂದಿಲ್ಲ” ಎನ್ನುವುದು ಬೈದ ಹಾಗೆ. ನಾನು ಹುಟ್ಟಿದಾಗಿನಿಂದ ಹೀಗೇ ನಡೆದುಕೊಂಡವಳು. ಆ ಮೇಡಂಗೆ ನನ್ನ ಉತ್ತರ ಸಿಕ್ಕಿತು ಎಂದೇ ತಿಳಿದೆ. ಅವರು “ಥ್ಯಾಂಕ್ಸ್ ಅಮ್ಮ” ಎಂದು ಕೌದಿಯನ್ನು ಎತ್ತಿಕೊಂಡು ಹೋದಾಗಲೂ, ಗೋಡೆಗೆ ಹಾಕಲು ಒಯ್ದರು, ಸಂಜೆ ಕೊಡುತ್ತಾರೆ ಎಂದುಕೊಂಡೆ. ಅವರ ಊರಿನಲ್ಲಿ ಸುಮ್ಮನಿದ್ದರೆ ಒಪ್ಪಿದಂತೆ ಎಂದು ನನಗೆ ಯಾರು ಹೇಳಬೇಕು?

ಮೇಳ ನಡೆದದ್ದು ಒಂದು ದೊಡ್ಡ ಮೈದಾನದಲ್ಲಿ ಹಾಕಿದ ಚಪ್ಪರದ ಕೆಳಗೆ. ಚಪ್ಪರ ಎಂದರೆ ನಮ್ಮ ಮದುವೆಯ ಚಪ್ಪರವಲ್ಲ, ಒಳಗೆ ಎರಡು ಬಸ್ಸು ಓಡಾಡಬಹುದು. ಒಂದೊಂದು ಜಿಲ್ಲೆಗೆ ಒಂದೊಂದು ಮಳಿಗೆ. ನಮ್ಮ ಮಳಿಗೆಯನ್ನು ಗುಡಿಸಲಿನ ಹಾಗೆ ಮಾಡಿ, ಮುಂದೆ ಪ್ಲಾಸ್ಟಿಕ್ಕಿನ ಮಂಗಟ್ಟೆ ಹಕ್ಕಿ ಕೂರಿಸಿದ್ದರು. ಕಾಳಿ ಹೊಳೆಯಲ್ಲಿ ರಬ್ಬರಿನ ದೋಣಿ ಹಾರುವ ದೊಡ್ಡ ಫೋಟೊ. ಅದರ ಪಕ್ಕದ ಗೋಡೆಗೆ ನನ್ನ ಕೌದಿ.

ಜನ ಬಂದರು, ಬಂದರು, ಬರುತ್ತಲೇ ಇದ್ದರು. ನಾವು ಕುಣಿದು ನಿಂತಾಗ ಮೊಬೈಲು ಹಿಡಿದುಕೊಂಡು ಒಬ್ಬೊಬ್ಬರೇ ಪಕ್ಕಕ್ಕೆ ಬಂದು ನಿಲ್ಲುತ್ತಿದ್ದರು. ಒಬ್ಬ ತಾಯಿ ತನ್ನ ಮಗುವನ್ನು ನನ್ನ ಪಕ್ಕಕ್ಕೆ ತಳ್ಳಿದಳು, ಅದು ನನ್ನ ಮುಖ ನೋಡಿ ಅತ್ತಿತು. ಮಗು ಅತ್ತದ್ದನ್ನೂ ಫೋಟೊ ತೆಗೆದರು. ಯಾರೂ ಕೆಟ್ಟ ಮಾತು ಆಡಲಿಲ್ಲ. ಹಿಂದಿನ ಸಾಲಿನಲ್ಲಿ ನಿಂತ ನನಗೆ ಕೌದಿ ಕಾಣುತ್ತಿತ್ತು. ಅದರ ಮುಂದೆ ಹಾದು ಹೋದವರೆಲ್ಲ ಅದನ್ನು ಮುಟ್ಟಿ ನೋಡುತ್ತಿದ್ದರು. ಒಬ್ಬ ಹೆಂಗಸು ಅಂಗೈ ಒತ್ತಿ ಮೇಲಿಂದ ಕೆಳಗೆ ಆಡಿಸಿದಾಗ ನನ್ನ ಕುಣಿತದ ಹೆಜ್ಜೆ ತಪ್ಪಿತು.

ಸಂಜೆ ಕೌದಿ ಕೊಡಲಿಲ್ಲ. ಕೇಳಬೇಕೆಂದು ಮೇಡಂ ಹತ್ತಿರ ಎರಡು ಸಲ ಹೋದೆ. ಅವರು ಫೋನಿನಲ್ಲಿದ್ದರು. ಅಕ್ಕನ ಸೆರಗು ಹೊದ್ದು ಮಲಗಿದೆ.

ಮರುದಿನ ಬೆಳಿಗ್ಗೆ ನಮ್ಮನ್ನು ಊರು ತೋರಿಸಲು ಕರೆದುಕೊಂಡು ಹೋದರು. ವಿಧಾನಸೌಧವನ್ನು ಬೇಲಿಯ ಹೊರಗಿನಿಂದ ನೋಡಿದೆವು. ಆಮೇಲೆ ಟಿಕೀಟು ತೆಗೆದು ಒಳಗೆ ಹೋಗುವ ಒಂದು ಜಾಗ. ಬೋರ್ಡಿನ ಮೇಲೆ ಎರಡು ದರ ಬರೆದಿದ್ದರು, ನಮ್ಮ ದೇಶದವರಿಗೆ ಒಂದು, ಪರದೇಶದವರಿಗೆ ಒಂದು. ಕಿಟಕಿಯಲ್ಲಿ ಕೂತವನು, ನಮ್ಮ ಹಿರಿಯರು ಎಂದೋ ಆಫ್ರಿಕಾದಿಂದ ತಂದ ಕಪ್ಪು ಮುಖ, ಗುಂಗುರು ಕೂದಲು ನೋಡಿ, “ಪಾಸ್‌ಪೋರ್ಟ್?” ಎಂದ.

“ರೇಷನ್ ಕಾರ್ಡ ಐತಿ, ಆಧಾರ ಐತಿ, ಜಾಬ್ ಕಾರ್ಡ ಐತಿ” ಎಂದಳು ಅಕ್ಕ. “ಇನ್ನ ಯಾವ ಕಾರ್ಡ ಬೇಕೋ ತಮ್ಮಾ ನಿನಗ?”

“ನೀವು ಕನ್ನಡ ಮಾತಾಡ್ತೀರಾ?”

“ಇಲ್ಲಪಾ, ನಾ ಇಂಗ್ಲೀಷ ಮಾತಾಡಾಕತ್ತೀನಿ. ನಿನ್ನ ಕಿವಿಗೆ ಕನ್ನಡ ಆಗಿ ಬರಾಕತ್ತೈತಿ.”

ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಕಿಟಕಿಯವನು ಕೆಂಪಾಗಿ, “ನೋಡಿದ್ರೆ ಹೊರಗಿನವರ ಥರ ಕಾಣ್ತೀರಾ, ಅದಕ್ಕೆ” ಎಂದ.

“ಖರೇ ಹೊರಗಿನವರು ಬೇಕಂದ್ರ ನಮ್ಮ ಮುಂಡಗೋಡಕ ಬಾ. ಟಿಬೇಟದವರು ಅದಾರ. ಅವರ ಕನ್ನಡಾನೂ ನಿನಕಿಂತ ಚೊಲೊ ಐತಿ. ಹಂ, ಎಂಟು ಟಿಕೀಟು ಹರಿ, ನಮ್ಮ ದರದ್ದು!”

ಹರಿದು ಕೊಟ್ಟ. ಹೆಂಗಸರೆಲ್ಲ ದಿನವಿಡೀ ಅದನ್ನೇ ಹೇಳಿ ಹೇಳಿ ನಕ್ಕರು. ನಾನೂ ನಕ್ಕೆ. ಆ ಊರಿನಲ್ಲಿ ನಾನು ನಕ್ಕದ್ದು ಅದೊಂದೇ ಸಲ.

ಮಧ್ಯಾಹ್ನ ಮೇಳಕ್ಕೆ ಬಂದಾಗ ಗೋಡೆಯ ಮೇಲೆ ಕೌದಿ ಇರಲಿಲ್ಲ.

ಮೇಡಂ ಓಡಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. “ಅಮ್ಮ, ನಿಮ್ಮ ಕೌದಿ ಹೋಯ್ತು! ಹೊಸದಾಗಿ ಒಂದು ದೊಡ್ಡ ಸಭಾಭವನ ಕಟ್ಟಿದಾರೆ, ಅದರ ಬಾಗಿಲ ಹತ್ರದ ಗೋಡೆಗೆ ಬೇಕಂತೆ. ಎಷ್ಟು ಜನ ನೋಡ್ತಾರೆ ಗೊತ್ತಾ?” ಅವರ ಕಣ್ಣಲ್ಲಿ ನಿಜವಾಗಿಯೂ ಸಂತೋಷವಿತ್ತು. ಒಂದು ಲಕೋಟೆ ಕೊಟ್ಟರು. ನಾನು ಅದನ್ನು ಬಿಚ್ಚಲಿಲ್ಲ, ಊರಿಗೆ ಬಂದ ಮೇಲೆ ನಿಮ್ಮ ಅವ್ವನ ಕೈಗೆ ಹಾಗೇ ಕೊಟ್ಟೆ.

ಪ್ಲಾಸ್ಟಿಕ್ ಹಕ್ಕಿಯ ಹಿಂದೆ ಹೋಗಿ ಕೂತು ಅತ್ತೆ. ಅಕ್ಕ ಹುಡುಕಿಕೊಂಡು ಬಂದಳು.

“ಅಳೂದ್ಯಾಕ ಹುಚ್ಚಿ? ಹಳೇ ಕೌದಿ ಹೋತು, ಹೊಸಾದು ಹೊಲದ್ರಾತು. ಅದರಾಗ ಏನ ಬಂಗಾರ ಇಟ್ಟು ಹೊಲದಿದ್ದೇನ?”

“ಬಂಗಾರ ಇಲ್ಲಕ್ಕಾ.”

“ಮತ್ತೇನೈತಿ?”

ನಾನು ನೆಲ ನೋಡಿದೆ. ಅವಳು ನಮ್ಮ ಕೇರಿಯವಳು. ಮುಂದೆ ಕೇಳಲಿಲ್ಲ. ಸ್ವಲ್ಪ ಹೊತ್ತು ನನ್ನ ಬೆನ್ನ ಮೇಲೆ ಕೈ ಇಟ್ಟು ಕೂತು, ಆಮೇಲೆ ಎದ್ದು ಮೇಡಂ ಹತ್ತಿರ ಹೋದಳು. “ನಮ್ಮಕಿಗೆ ಆ ಕೌದಿ ತಿರಗಿ ಬೇಕಂತ್ರಿ. ರೊಕ್ಕ ವಾಪಸ್ ಕೊಡ್ತಾಳ. ಎಲ್ಲೈತಿ ತೋರಸ್ರಿ” ಎಂದಳು. ಮೇಡಂ ಮುಖ ಸಣ್ಣದಾಯಿತು. ಆದರೂ ಫೋನು ಮಾಡಿದರು.

ಮೂರನೆಯ ದಿನ ಬೆಳಿಗ್ಗೆ ಮೇಡಂ, ಅಕ್ಕ, ನಾನು, ಜೊತೆಗೆ ನಮ್ಮ ಕೇರಿಯ ಇನ್ನಿಬ್ಬರು ಹೆಂಗಸರು ಆ ಸಭಾಭವನಕ್ಕೆ ಹೋದೆವು. ನೆಲ ಎಷ್ಟು ನುಣ್ಣಗಿತ್ತೆಂದರೆ ನಾವು ಚಪ್ಪಲಿ ಬಿಟ್ಟು ನಡೆದೆವು. ಕೌದಿಯನ್ನು ಆಗಲೇ ಎತ್ತರಕ್ಕೆ ಹಾಕಿದ್ದರು. ಮುಂದೆ ಹಗ್ಗ ಕಟ್ಟಿದ್ದರು. ಮೇಲಿನಿಂದ ಒಂದು ದೀಪ ಬಿಟ್ಟಿದ್ದರು. ಆ ಬೆಳಕು ಎಷ್ಟು ಜೋರಾಗಿತ್ತೆಂದರೆ, ಸವೆದ ಹಳದಿ ಸೀರೆಯ ತುಂಡಿನ ಕೆಳಗೆ ಬಿಳಿ ಅಂಗಿಯ ಕಾಲರಿನ ಗೆರೆ ನನಗೆ ಕಂಡಿತು. ಬೇರೆ ಯಾರಿಗೂ ಕಾಣಲಿಲ್ಲ. ಅಲ್ಲಿ ಏನಿದೆ ಎಂದು ಗೊತ್ತಿದ್ದವರಿಗೆ ಮಾತ್ರ ಕಾಣುವಷ್ಟು.

ಅಲ್ಲಿನ ಮೇಲ್ವಿಚಾರಕರು ತಲೆ ನೆರೆತ ಹಿರಿಯರು. ನಮಗೆ ಕುರ್ಚಿ ಹಾಕಿಸಿದರು, ಚಹಾ ತರಿಸಿದರು. ಮೇಡಂ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ನನ್ನ ಕಡೆ ತಿರುಗಿದರು.

“ವಾಪಸ್ ಕೊಡೋದು ದೊಡ್ಡ ವಿಷಯ ಅಲ್ಲ ಅಮ್ಮ. ನನ್ನ ಮೇಲಿನವರಿಗೆ ಒಂದು ಕಾರಣ ಹೇಳ್ಬೇಕು, ಅಷ್ಟೇ. ಇದು ನಿಮಗೆ ಯಾಕೆ ಬೇಕು? ಒಂದು ಮಾತು ಹೇಳಿ, ಈಗ್ಲೇ ಇಳಿಸ್ತೀನಿ.”

ಒಂದು ಮಾತು. ಅದರೊಳಗೆ ನನ್ನ ಗಂಡನ ಅಂಗಿಗಳಿವೆ ಎಂದರೆ ಮುಗಿಯುತ್ತಿತ್ತು. ಬಾಯಿಯ ತನಕ ಬಂತು. ಪಕ್ಕದಲ್ಲಿ ಅಕ್ಕ ಕೂತಿದ್ದಳು. ಅವಳ ಆಚೆ ಕೇರಿಯ ಇಬ್ಬರು. ಹಳ್ಳಕ್ಕೆ ಬಿಡಬೇಕಾದ್ದನ್ನು ಇವಳು ಇಟ್ಟುಕೊಂಡಿದ್ದಳು, ಎಂಟು ತಿಂಗಳ ಕೂಸಿಗೆ ಹೊದಿಸಿದ್ದಳು ಎಂಬ ಮಾತು ನಾನು ಊರು ಮುಟ್ಟುವ ಮೊದಲೇ ಕೇರಿ ಮುಟ್ಟುತ್ತದೆ. ನಿಮ್ಮ ಅವ್ವ ನನ್ನ ಮುಖ ಹೇಗೆ ನೋಡುತ್ತಾಳೆ? ಇನ್ನು ಮುಂದೆ ನಿಮ್ಮಿಬ್ಬರಲ್ಲಿ ಯಾರಿಗೆ ತಲೆನೋವು ಬಂದರೂ ಅದು ನನ್ನಿಂದ ಬಂದದ್ದು.

ನಾನು ನೆಲ ನೋಡಿದೆ. ಆ ನೆಲದಲ್ಲಿ ನನ್ನ ಮುಖವೇ ಕಾಣುತ್ತಿತ್ತು.

ಅವರು ಕಾದರು. ಅವಸರ ಮಾಡಲಿಲ್ಲ. ಚಹಾ ಆರಿತು. “ಹೇಳವಾ ತಂಗಿ, ಹೇಳ” ಎಂದು ಅಕ್ಕ ಮೊಣಕೈಯಿಂದ ತಿವಿದಳು. ಕೊನೆಗೆ ಅವರು ಮೆಲ್ಲಗೆ, “ಸರಿ ಅಮ್ಮ, ಹಾಗಾದ್ರೆ ಇಲ್ಲೇ ಇರ್ಲಿ. ಚೆನ್ನಾಗಿ ನೋಡ್ಕೋತೀವಿ” ಎಂದು ಎದ್ದರು.

ಹೊರಗೆ ಬರುವಾಗ ಹಗ್ಗದಾಚೆ ಕೈ ಚಾಚಿ ಅಂಚನ್ನು ಮುಟ್ಟಲು ನೋಡಿದೆ. ಕಾವಲಿನವನು “ಮುಟ್ಟಬಾರ್ದು ಅಮ್ಮ” ಎಂದ.

ಯಾರನ್ನೂ ಬೈಯಲು ನನಗೆ ದಾರಿಯಿಲ್ಲ. ಮೇಡಂ ಒಳ್ಳೆಯವರು, ಆ ಹಿರಿಯರು ಒಳ್ಳೆಯವರು. ಒಬ್ಬ ಕೆಟ್ಟ ಮನುಷ್ಯನಾದರೂ ಇದ್ದಿದ್ದರೆ ಅವನಿಗೆ ಶಾಪ ಹಾಕಿ ಮಲಗುತ್ತಿದ್ದೆ.

ಎರಡು ವರ್ಷದ ಮೇಲೆ ನಮ್ಮ ಕೇರಿಯ ಒಬ್ಬ ಹುಡುಗಿ ಕುಣಿತದ ಗುಂಪಿನ ಜೊತೆ ಅದೇ ಸಭಾಭವನಕ್ಕೆ ಹೋಗಿ ಬಂದಳು. ಕೌದಿ ನೋಡಿ ಬಾ, ಫೋಟೊ ತೆಗೆದುಕೊಂಡು ಬಾ ಎಂದು ಹೇಳಿ ಕಳಿಸಿದ್ದೆ. ಆ ಗೋಡೆಯಲ್ಲಿ ಈಗ ದೊಡ್ಡ ಟೀವಿ ಇದೆಯಂತೆ, ಜಾಹೀರಾತು ಬರುತ್ತಿರುತ್ತದಂತೆ. ಬಣ್ಣ ಹೊಡೆಯುವಾಗ ಹಳೆಯ ಸಾಮಾನೆಲ್ಲ ಗಾಡಿಗೆ ತುಂಬಿ ಕಳಿಸಿದರು, ಎಲ್ಲಿಗೋ ಗೊತ್ತಿಲ್ಲ ಎಂದರಂತೆ. ಆ ಹಿರಿಯರು ನಿವೃತ್ತರಾಗಿದ್ದರು. ಹುಡುಗಿ ಟೀವಿಯ ಫೋಟೊ ತೆಗೆದುಕೊಂಡು ಬಂದು ತೋರಿಸಿದಳು, ಪಾಪ.

ಹೋದ ವರ್ಷ ನಿಮ್ಮ ದೊಡ್ಡಜ್ಜಿ ತೀರಿಕೊಂಡಳು. ಅವಳ ಬಟ್ಟೆಯ ಗಂಟು ಕಟ್ಟಲು ನನ್ನನ್ನು ಒಳಗೆ ಕಳಿಸಿದರು. ಟ್ರಂಕಿನಲ್ಲಿ ಅವಳ ಸೀರೆಗಳ ಕೆಳಗೆ, ತಳಕ್ಕೆ ಹಾಸಿದ ಹಾಳೆಯ ಕೆಳಗೆ, ಗಂಡಸಿನ ಒಂದು ಟೊಪಿಗೆ ಇತ್ತು. ಎಣ್ಣೆ ಹಿಡಿದು ಕಪ್ಪಾದ ಅಂಚು. ಅವಳ ಗಂಡ ಹೋಗಿ ಇಪ್ಪತ್ತು ವರ್ಷದ ಮೇಲಾಗಿತ್ತು. ಟೊಪಿಗೆ ಕೈಯಲ್ಲಿ ಹಿಡಿದುಕೊಂಡು ಆ ಕತ್ತಲೆ ಕೋಣೆಯಲ್ಲಿ ನಾನು ಎಷ್ಟು ಹೊತ್ತು ಕೂತೆನೋ. ಅವತ್ತು ಆ ಕುರ್ಚಿಯಲ್ಲಿ ಕೂತು ಒಂದು ಮಾತು ಹೇಳಿದ್ದರೆ, ಇವಳು ಆ ಭವನದ ಗೋಡೆ ಹತ್ತಿಯಾದರೂ ಕೌದಿ ಇಳಿಸಿಕೊಂಡು ಬರುತ್ತಿದ್ದಳು. ಅವಳಿಗೆ ಹೆದರಿ ನಾನು ಬಾಯಿ ಮುಚ್ಚಿದೆ. ಅವಳು ಯಾರಿಗೆ ಹೆದರಿ ಮುಚ್ಚಿಟ್ಟಿದ್ದಳೋ, ಬಹುಶಃ ನನಗೇ ಇರಬೇಕು. ಟೊಪಿಗೆಯನ್ನು ಅವಳ ಸೀರೆಯ ಒಳಗೆ ಸುತ್ತಿ, ಯಾರಿಗೂ ಕಾಣದ ಹಾಗೆ ಗಂಟು ಬಿಗಿದು ಹೊರಗೆ ಕೊಟ್ಟೆ.

ಇಷ್ಟೇ. ಸಮಾಧಾನದ ಮಾತು ಬರೆಯಲು ನನ್ನಲ್ಲಿ ಏನೂ ಇಲ್ಲ. ನಿಮ್ಮ ಅಜ್ಜನದು ಎಂದು ಹೇಳಲು ಮನೆಯಲ್ಲಿ ಒಂದು ದಾರವೂ ಉಳಿದಿಲ್ಲ. ರೇಷನ್ ಕಾರ್ಡಿನ ಫೋಟೊದಲ್ಲಿ ಅವರ ಮುಖ ಅಳಿಸಿಹೋಗಿದೆ. ಖಾಕಿಯದು, ಬಿಳಿಯದು, ಗೆರೆಯದು ಎಂದು ಮೂರು ಅಂಗಿಗಳ ಹೆಸರಾದರೂ ಉಳಿದಿರುವುದು ಈ ಹಾಳೆಗಳಲ್ಲಿ ಮಾತ್ರ. ಚಿನ್ನವ್ವಾ, ನೀನು ದೊಡ್ಡವಳು, ನಿನ್ನ ಶಾಲೆಯ ಸರ್ಟಿಫಿಕೇಟುಗಳ ಫೈಲಿನಲ್ಲಿ ಇವನ್ನು ಇಟ್ಟುಕೋ. ಮಳೆಗಾಲದಲ್ಲಿ ತೆಗೆದು ಒಮ್ಮೆ ಬಿಸಿಲು ತೋರಿಸು, ಇರುವೆ ಹುಳ ಹತ್ತದ ಹಾಗೆ ನೋಡಿಕೋ. ಯಾರಾದರೂ ಚೆನ್ನಾಗಿದೆ, ಕೊಡು ಎಂದು ಕೇಳಿದರೆ ಇಬ್ಬರೂ ತಲೆ ಎತ್ತಿ, ಬಾಯಿಬಿಟ್ಟು, ಕೊಡುವುದಿಲ್ಲ ಎನ್ನಿ.